ಮೊದಲ ಅರ್ಧ ನಿಮಿಷ

೮ ಜನವರಿ ೨೦೦೮, ಮಂಗಳವಾರ
ಕೂಡ್ಲಿಗಿ

ದಾವಣಗೆರೆಯಿಂದ ಬಂದು ನೋಡಿದರೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಇವತ್ತು ಮಂಗಳವಾರ ಎಂಬುದೇ ಮರೆತುಹೋಗಿತ್ತು. ಅಂಗಳದ ತುಂಬ ಕಾಯಿ, ಊದುಬತ್ತಿ ಹಿಡಿದು ದೇವಿಯ ಕೇಳಿಕೆಗೆ ಕೂತ ಜನ. ಅವ್ವ ಹೊಸ್ತಿಲಲ್ಲೇ ನಿಂತು ನನ್ನ ಮೇಲೆ ಹರಿಹಾಯ್ದಳು: "ಅಮ್ಮನ ವಾರ ಅಂತ ಗೊತ್ತಿದ್ದೂ ಆಕಿನ್ನ ಊರೂರು ತಿರುಗಸಾಕ ಹತ್ತೀಯಲ್ಲೋ ತಿಪ್ಪೇಶ, ಮಂದಿ ಬೆಳಗಿನಿಂದ ಕುಂತಾರ." ನನ್ನ ಹೆಂಡತಿ ಬಸಲಿಂಗಮ್ಮ ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದಳು.

ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ. ನನ್ನ ಹೆಂಡತಿಗೆ ಫಿಟ್ಸ್ ಬರುತ್ತದೆ. ಅವ್ವನ ಪ್ರಕಾರ ದೇವಿ ಬರುತ್ತಾಳೆ. ಎರಡು ವರ್ಷದ ಹಿಂದೆ ಪಾಲಾಕ್ಷಪ್ಪನ ಹೊಲದಲ್ಲಿ ಶೇಂಗಾ ಕೀಳುವಾಗ ಮೊದಲ ಸಲ ಬಿದ್ದಳು. ಎಚ್ಚರವಾಗುತ್ತ "ನೀರು, ನೀರು" ಅಂದಳು. ಬಾಯಾರಿದವರು ಇನ್ನೇನು ಅನ್ನುತ್ತಾರೆ? ಆದರೆ ಪಾಲಾಕ್ಷಪ್ಪ ಅವಳು ಬಿದ್ದ ಜಾಗದಲ್ಲೇ ಬೋರು ಹಾಕಿಸಿದ, ನೀರೂ ಬಂತು. ಅಲ್ಲಿಂದ ಮುಂದೆ ನನ್ನ ಹೆಂಡತಿ ನನ್ನ ಹೆಂಡತಿಯಾಗಿ ಉಳಿಯಲಿಲ್ಲ.

ಈಗ ಅವಳು ಬಿದ್ದರೆ ಯಾರೂ ಮುಟ್ಟುವಂತಿಲ್ಲ. ಅವ್ವ ಸುತ್ತ ಅರಿಸಿನದ ಗೆರೆ ಎಳೆಯುತ್ತಾಳೆ. ಒದ್ದಾಟ ನಿಂತ ಮೇಲೆ ಅವಳು ಏನೋ ತೊದಲುತ್ತಾಳೆ, ಜನ ಅದರಲ್ಲಿ ತಮ್ಮ ಮಗಳ ಮದುವೆ, ಕೋರ್ಟಿನ ಕೇಸು, ಕಳೆದುಹೋದ ಎಮ್ಮೆ ಎಲ್ಲವನ್ನೂ ಹುಡುಕಿಕೊಳ್ಳುತ್ತಾರೆ. ನಾನು ಮನೆಯಲ್ಲಿದ್ದರೆ ಗೆರೆ ಗಿರೆ ಲೆಕ್ಕಿಸದೆ ನುಗ್ಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅವ್ವ ಶಾಪ ಹಾಕುತ್ತಾಳೆ. ಹಾಕಲಿ.

ದಾವಣಗೆರೆಯ ನರರೋಗದ ಡಾಕ್ಟರಮ್ಮ ಒಳ್ಳೆಯವರು. "ಪರೀಕ್ಷೆ ಎಲ್ಲಾ ಸರಿಯಾಗೇ ಬಂದಾವೆ. ಆದ್ರೆ ಇದು ಮೆದುಳಿಂದ ಬರೋದೋ, ಮನಸ್ಸಿನ ಒತ್ತಡಕ್ಕೆ ಬರೋದೋ ನನಗೆ ಗೊತ್ತಾಗ್ಬೇಕು. ಎರಡಕ್ಕೂ ಔಷಧ ಬೇರೆ. ಬೀಳೋದನ್ನ ವಿಡಿಯೋ ಮಾಡಿ ತರ್ರಿ. ಬಿದ್ದ ಮೇಲಿಂದಲ್ಲ. ಮೊದಲ ಅರ್ಧ ನಿಮಿಷ ಬೇಕು ನನಗೆ. ಕಣ್ಣು ಯಾವ ಕಡೆ ತಿರುಗ್ತಾವೆ, ಯಾವ ಕೈ ಮೊದಲು ಸೆಟೆಯುತ್ತೆ, ಅದು ಕಾಣ್ಬೇಕು" ಎಂದರು. ಅಲ್ಲಿಯವರೆಗೆ ಒಂದು ಗುಳಿಗೆ ಬರೆದುಕೊಟ್ಟು, "ಇದನ್ನ ತಪ್ಪಿಸಬೇಡ್ರಿ, ನಿದ್ದೆಗೆಡಿಸಬೇಡ್ರಿ. ಎರಡೂ ತಪ್ಪಿದ್ರೆ ಬಂದೇ ಬರುತ್ತೆ" ಎಂದು ಎಚ್ಚರಿಸಿದರು.

ವಿಡಿಯೋ! ಊರವರ ಮದುವೆಗಳನ್ನೆಲ್ಲ ಹಿಡಿದುಕೊಟ್ಟ ನನಗೆ ಇದೊಂದು ಕೆಲಸವೇ? ಆದರೆ ತಡಮಾಡುವಂತಿಲ್ಲ. ಭರತ ಹುಣ್ಣಿಮೆಗೆ ಪಾಲಾಕ್ಷಪ್ಪ ನಮ್ಮ ಅಂಗಳದಲ್ಲಿ ಗದ್ದುಗೆ ಕಟ್ಟಿಸುತ್ತಾನಂತೆ. ಒಮ್ಮೆ ಗದ್ದುಗೆಯಲ್ಲಿ ಕೂತವಳು ಆಸ್ಪತ್ರೆಯ ಔಷಧ ಮುಟ್ಟುವಂತಿಲ್ಲ, ಗಂಡನ ಪಕ್ಕ ಮಲಗುವಂತಿಲ್ಲ. ಬಸಲಿಂಗಮ್ಮ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ, "ನನಗ ದೇವ್ರಾಗೋದು ಬ್ಯಾಡ್ರಿ. ರೊಟ್ಟಿ ಬಡಕೊಂಡು ಇರತೀನಿ, ಸಾಕು" ಅಂದಳು.

೧೨ ಜನವರಿ, ಶನಿವಾರ

ಫಿಟ್ಸ್ ಹೇಳಿ ಕೇಳಿ ಬರುವುದಲ್ಲ. ದಿನವಿಡೀ ಕ್ಯಾಮೆರಾ ನಡೆಯುತ್ತಿರಬೇಕು. ಟೇಪಾದರೆ ಮತ್ತೆ ಮತ್ತೆ ಬದಲಿಸುತ್ತ ಕೂರಬೇಕು. ಹೊಸಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಜಂಬಣ್ಣ ತನ್ನ ಡಿಜಿಟಲ್ ರೆಕಾರ್ಡರ್ ಕೊಟ್ಟ. ಡಬ್ಬಿಯ ಹೊಟ್ಟೆಯಲ್ಲೇ ಹಾರ್ಡ್ ಡಿಸ್ಕ್ ಇದೆ. ಕ್ಯಾಮೆರಾದ ವೈರು ಇದಕ್ಕೆ ಚುಚ್ಚಿದರೆ ಮುಗಿಯಿತು, ದಿನಗಟ್ಟಲೆ ತುಂಬಿಕೊಳ್ಳುತ್ತದೆ.

ಅವಳು ಹೆಚ್ಚು ಹೊತ್ತು ಇರುವುದು ಅಡುಗೆಮನೆಯಲ್ಲಿ. ಅಲ್ಲೇ ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಅವ್ವ ನೋಡಿ, "ಅಮ್ಮನ್ನ ಡಬ್ಬ್ಯಾಗ ಹಿಡೀತೀಯೇನೋ? ಕಣ್ಣು ಹೋದಾವು ನೋಡು" ಅಂದಳು. ಕಣ್ಣು ಇರುವುದೇ ನೋಡುವುದಕ್ಕೆ ಎಂದೆ.

೧೫ ಜನವರಿ, ಮಂಗಳವಾರ

ಸಂಕ್ರಮಣ. ಊಟಕ್ಕೆ ಕೂರುವ ಹೊತ್ತಿಗೆ ಅಡುಗೆಮನೆಯಿಂದ ಆ ಕೂಗು ಕೇಳಿತು. ಓಡಿಹೋಗಿ ಅವಳನ್ನು ಹಿಡಿದುಕೊಂಡೆ. ತುಟಿ ಕಚ್ಚಿಕೊಂಡು ರಕ್ತ ಬಂದಿತ್ತು. ಹಬ್ಬವೆಂದು ಜನ ಹೆಚ್ಚಿದ್ದರು, ಬಾಗಿಲಲ್ಲಿ ನೂಕುನುಗ್ಗಲು. ಎಲ್ಲರಿಗೂ ಬೈದು ಓಡಿಸಿದೆ.

ಅವಳು ಮಲಗಿದ ಮೇಲೆ ಡಬ್ಬಿಯ ಹತ್ತಿರ ಹೋದೆ. ಕೆಂಪು ದೀಪ ಆರಿತ್ತು. ಅವಳು ಬೀಳುವುದಕ್ಕೆ ಬಹಳ ಮೊದಲೇ ರೆಕಾರ್ಡಿಂಗ್ ತಾನಾಗಿ ನಿಂತುಬಿಟ್ಟಿದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಯಾಕೆ ನಿಂತೆ ಎಂದು ಕೇಳಿದರೆ ಡಬ್ಬಿ ಹೇಳುತ್ತದೆಯೇ?

೧೭ ಜನವರಿ, ಗುರುವಾರ

ರೋಗ ಸಿಕ್ಕಿತು, ಡಬ್ಬಿಯದ್ದು. ನಿಂತುಹೋದ ಫೈಲುಗಳನ್ನೆಲ್ಲ ಸಾಲಾಗಿ ನೋಡಿದೆ. ಎಲ್ಲವೂ ನಾಲ್ಕು ಜಿಬಿಗೆ ಬಂದು ನಿಂತಿವೆ. ಜಂಬಣ್ಣನಿಗೆ ಫೋನು ಮಾಡಿದರೆ ನಗುತ್ತಾನೆ: "ಅದರ ಡಿಸ್ಕು ಹಳೇ ಪದ್ಧತಿದೋ ಮಾರಾಯಾ. ಒಂದ್ ಫೈಲು ನಾಕು ಜಿಬಿ ಮೀರಂಗಿಲ್ಲ. ಲಗ್ನದಾಗ ಯಾರು ಹಂಗ ಎರಡೆರಡು ತಾಸು ಒಂದ ಸಮ ಹಿಡೀತಾರ? ನಾ ಯಾವತ್ತೂ ಆ ಗಡಿ ಮುಟ್ಟೇ ಇಲ್ಲ."

ಡಿಸ್ಕ್ ಬಿಚ್ಚಿ ನನ್ನ ವಿಡಿಯೋ ಅಂಗಡಿಯ ಕಂಪ್ಯೂಟರಿಗೆ ಹಾಕಿ ಹೊಸ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದೆ. ಮತ್ತೆ ಡಬ್ಬಿಗೆ ಹಾಕಿದರೆ "ಡಿಸ್ಕ್ ಇಲ್ಲ" ಎಂದು ತೋರಿಸಿತು. ಎದುರಿಗೇ ಕೂತ ನೆಂಟನನ್ನು ಗುರುತೇ ಇಲ್ಲ ಅಂದಹಾಗೆ. ಬಿಚ್ಚಿ, ಪುನಃ ಹಳೆಯ ಪದ್ಧತಿಗೇ ತಂದೆ.

ಆಮೇಲೆ ಚಿತ್ರದ ಗುಣಮಟ್ಟ ಇಳಿಸಿದೆ. ಫೈಲು ಸಣ್ಣದಾಗಿ ಅರ್ಧ ದಿನ ಓಡಿತು. ಆದರೆ ಅವಳ ಮುಖ ನಾದಿಟ್ಟ ಹಿಟ್ಟಿನ ಮುದ್ದೆಯ ಹಾಗೆ ಕಾಣುತ್ತದೆ. ಕಣ್ಣೇ ಕಾಣದಿದ್ದರೆ ಅದು ಯಾವ ಕಡೆ ತಿರುಗಿತೆಂದು ಡಾಕ್ಟರಮ್ಮ ಹೇಗೆ ಹೇಳಬೇಕು?

೨೩ ಜನವರಿ, ಬುಧವಾರ

ಡಬ್ಬಿಯ ಮೆನುವಿನಲ್ಲಿ ಒಂದು ದಾರಿ ಸಿಕ್ಕಿತ್ತು. ಅರ್ಧರ್ಧ ಗಂಟೆಗೆ ಫೈಲು ಮುಚ್ಚಿ, ತಾನೇ ಹೊಸದನ್ನು ತೆರೆಯುವಂತೆ ಮಾಡಬಹುದು. ಗಡಿ ಮುಟ್ಟುವ ಪ್ರಶ್ನೆಯೇ ಇಲ್ಲ. ಗೆದ್ದೆ ಅಂದುಕೊಂಡಿದ್ದೆ.

ನಿನ್ನೆ ಫಿಟ್ಸ್ ಬಂತು. ಇವತ್ತು ತೆರೆದು ನೋಡಿದೆ. ಒಂದು ಫೈಲು ಮುಗಿಯುವಾಗ ಅವಳು ಉಪ್ಪಿನ ಡಬ್ಬಿಗೆ ಕೈ ಎತ್ತುತ್ತಿದ್ದಾಳೆ. ಮುಂದಿನದು ಶುರುವಾಗುವಾಗ ನೆಲದ ಮೇಲಿದ್ದಾಳೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದಕ್ಕೆ ಡಬ್ಬಿ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಆ ಸಂದಿನಲ್ಲೇ ಬರಬೇಕೇ? ಮೊದಲು ನಗು ಬಂತು, ಆಮೇಲೆ ಡಬ್ಬಿಯನ್ನು ಎತ್ತಿ ಒಗೆಯಬೇಕು ಅನಿಸಿತು.

ಇನ್ನೊಂದು ಸಂಗತಿ. ಉಳಿದ ಭಾಗವಾದರೂ ಕಾಣುತ್ತದೆಯೇ ಎಂದರೆ ಅದೂ ಇಲ್ಲ. ಕಾಣುವುದು ನನ್ನ ಬೆನ್ನು. ಓಡಿಬಂದು ಕೂತವನು ನಾನೇ ಅವಳ ಮುಖಕ್ಕೂ ಕೈಗೂ ಅಡ್ಡ. ಮುಂದಿನ ಸಲ ಸ್ವಲ್ಪ ಪಕ್ಕಕ್ಕೆ ಕೂರಬೇಕು.

೨೯ ಜನವರಿ, ಮಂಗಳವಾರ

ಕರೆಂಟು ಹೋದರೆ ಬರೆಯುತ್ತಿದ್ದ ಫೈಲು ಸೊನ್ನೆಯಾಗುತ್ತದೆ ಎಂಬುದು ಮೊನ್ನೆ ಗೊತ್ತಾಯಿತು. ಅಂಗಡಿಯ ಇನ್ವರ್ಟರ್ ಮನೆಗೆ ತಂದೆ. ಹೊಸಪೇಟೆಗೆ ಹೋಗಿ ಜಂಬಣ್ಣನಿಂದ ಎರಡನೆಯ ಡಬ್ಬಿಯನ್ನೂ ತಂದೆ. ಕ್ಯಾಮೆರಾದ ವೈರನ್ನು ಕವಲು ಮಾಡಿ ಎರಡಕ್ಕೂ ಕೊಟ್ಟಿದ್ದೇನೆ. ಒಂದನ್ನು ಮೊದಲು, ಇನ್ನೊಂದನ್ನು ಕಾಲು ಗಂಟೆ ಬಿಟ್ಟು ಶುರು ಮಾಡುತ್ತೇನೆ. ಒಂದು ಫೈಲು ಬದಲಿಸುವಾಗ ಇನ್ನೊಂದು ಎಚ್ಚರವಿರುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಜಂಬಣ್ಣನೇ ಭೇಷ್ ಅಂದ.

ಬೆಳಕು ಸಾಲದೆಂದು ಒಲೆಯನ್ನು ಕಿಟಕಿಯ ಕೆಳಗೆ ಸರಿಸಿದೆ. ಈಗ ಅವಳು ರೊಟ್ಟಿ ಬಡಿಯುವಾಗ ಮುಖ ಮತ್ತು ಎರಡೂ ಕೈ ಸ್ವಚ್ಛವಾಗಿ ಕಾಣುತ್ತವೆ. ಕಾದ ಹಂಚು ಕೈಗೆ ತೀರಾ ಹತ್ತಿರವಾಯಿತು ಅಂದಳು. ಸ್ವಲ್ಪ ದಿನ ಸುಧಾರಿಸಿಕೋ ಎಂದೆ.

"ಬೆಳಗಿನಿಂದ ಸಂಜಿತನಕ ಅದು ನನ್ನ ನೋಡಕೋಂತ ನಿಂತಿರತೈತಿ. ತಲಿ ಕೆರಕೊಳ್ಳಾಕೂ ನಾಚಿಕಿ ಆಗತೈತ್ರಿ."

"ಅದು ನಾನ ಅಂತ ತಿಳಕೋ."

"ನೀವಾದ್ರ ಒಂದಿಷ್ಟು ಮಾತಾಡ್ತೀರಿ" ಅಂದಳು. ನಾನು ವೈರು ಜೋಡಿಸುವುದರಲ್ಲಿದ್ದೆ.

೪ ಫೆಬ್ರವರಿ, ಸೋಮವಾರ

ಬೇಡವಾದಾಗ ವಾರಕ್ಕೊಮ್ಮೆ ಬರುತ್ತಿದ್ದದ್ದು ಈಗ ಎಲ್ಲ ಸಿದ್ಧವಿರುವಾಗ ಸುಳಿವೇ ಇಲ್ಲ. ಡಾಕ್ಟರಮ್ಮನ ಗುಳಿಗೆ ಹಿಡಿಸಿದಂತಿದೆ. ಬಸಲಿಂಗಮ್ಮ ಗೆಲುವಾಗಿದ್ದಾಳೆ, ಚೆನ್ನಾಗಿ ಉಣ್ಣುತ್ತಾಳೆ, ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಾಳೆ. ಸಂತೋಷವೇ. ಆದರೆ ಹೀಗೇ ಆದರೆ ಹುಣ್ಣಿಮೆ ಬಂದುಬಿಡುತ್ತದೆ, ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಈ ಗುಳಿಗೆ ಎಷ್ಟು ದಿನ ತಡೆದೀತು? ಬೇರು ಸಿಗದೆ ಮರ ಕೀಳಲಾಗುತ್ತದೆಯೇ?

ಮಂಗಳವಾರ ದೇವಿ ಬರದೆ ಅವ್ವನಿಗೂ ಕಿರಿಕಿರಿ. ಅವ್ವ ಅರಿಸಿನದ ಬಟ್ಟಲು ಹಿಡಿದು, ನಾನು ರಿಮೋಟ್ ಹಿಡಿದು ಒಂದೇ ಬಾಗಿಲಲ್ಲಿ ಕೂತು ಕಾಯುತ್ತೇವೆ. ಇದನ್ನು ನೆನೆದು ಇವತ್ತು ನಾನೊಬ್ಬನೇ ನಕ್ಕೆ.

೭ ಫೆಬ್ರವರಿ, ಗುರುವಾರ

ಗುಳಿಗೆ ಮುಗಿದಿವೆ. ಮೆಡಿಕಲ್ ಅಂಗಡಿಯ ಮುಂದಿನಿಂದಲೇ ಬಂದೆ, ಆದರೆ ಕೈಯಲ್ಲಿ ಸಾಮಾನಿತ್ತು. ನಾಳೆ ತಂದರಾಯಿತು.

೮ ಫೆಬ್ರವರಿ, ಶುಕ್ರವಾರ

ಇವತ್ತೂ ಆಗಲಿಲ್ಲ. "ಗುಳಿಗಿ ತಂದ್ರೇನ್ರಿ?" ಎಂದು ಕೇಳಿದಳು. ನಾಳೆ ಎಂದೆ. ಊಟವಾದ ಮೇಲೆ ಟೀವಿಯಲ್ಲಿ ಒಂದಾದ ಮೇಲೊಂದು ಎರಡು ಸಿನಿಮಾ ನೋಡಿದೆವು. ಪಾಪ, ಇಬ್ಬರೂ ಜೊತೆಗೆ ಕೂತು ಏನನ್ನಾದರೂ ನೋಡಿ ಎಷ್ಟು ದಿನವಾಗಿತ್ತು. ತೂಕಡಿಸಿದಾಗೆಲ್ಲ ಎಬ್ಬಿಸಿದೆ, ಕಥೆ ತಪ್ಪಿಹೋಗುತ್ತದೆ ಎಂದು.

೯ ಫೆಬ್ರವರಿ, ಶನಿವಾರ

ಸಿಕ್ಕಿತು. ಶುರುವಿನಿಂದ ಕೊನೆಯವರೆಗೆ. ಎಲ್ಲಿಯೂ ಕಡಿದಿಲ್ಲ.

೧೦ ಫೆಬ್ರವರಿ, ಭಾನುವಾರ

ನಿನ್ನೆಯದನ್ನು ಒಂದೆರಡು ಮಾತಿನಲ್ಲಿ ಬರೆದು ಬಿಟ್ಟಿದ್ದೆ. ಇವತ್ತು ಸಮಾಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕ್ಯಾಮೆರಾದ ಹಿಂದೆ ನಿಂತು ಫೋಕಸ್ ನೋಡುತ್ತಿದ್ದೆ. ಅವಳ ಬಡಿತ ನಿಂತಿತು. ಕಣ್ಣು ಎಡಕ್ಕೆ ಹೊರಳಿದವು, ಆಮೇಲೆ ಎಡಗೈ ಮೇಲೆದ್ದು ಸೆಟೆಯಿತು, ಆಮೇಲೆ ಕೂಗು. ಡಾಕ್ಟರಮ್ಮ ಕೇಳಿದ್ದೆಲ್ಲ ಅದೇ ಕ್ರಮದಲ್ಲಿ. ಒಂದು ಡಬ್ಬಿ ಆಗ ತಾನೇ ಫೈಲು ಬದಲಿಸುತ್ತಿತ್ತು. ಇನ್ನೊಂದು ಓಡುತ್ತಿತ್ತು! ನನ್ನ ಲೆಕ್ಕ ಸರಿಯಾಗಿತ್ತು. ಅವ್ವ ಒಳಗೆ ನುಗ್ಗಿ ಅಡ್ಡ ಬರುವುದರಲ್ಲಿದ್ದಳು, ಸಕಾಲಕ್ಕೆ ತಡೆದೆ. ಇಲ್ಲದಿದ್ದರೆ ಒಂದು ತಿಂಗಳ ಕಷ್ಟ ಮಣ್ಣುಪಾಲಾಗುತ್ತಿತ್ತು.

ಬೀಳುವಾಗ ಎಡಗೈ ಹಂಚಿನ ಮೇಲೆ ಬಿದ್ದಿದೆ. ಅಂಗೈ ಸುಟ್ಟಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಬೆರಳು ಮಡಚುವುದಕ್ಕೆ ಮುಂದೆ ಕಷ್ಟವಾಗಬಹುದು ಅಂದರು. ಕೆಟ್ಟದೆನಿಸಿತು. ಆದರೆ ಜೀವನಪೂರ್ತಿ ಬೀಳುವುದಕ್ಕಿಂತ ಇದೊಂದು ಸಲದ ನೋವು ಎಂದು ಅವಳಿಗೆ ಹೇಳಿದೆ. ಬಿದ್ದಾಗ ಆದದ್ದು ಅವಳಿಗೆ ಒಂದೂ ನೆನಪಿರುವುದಿಲ್ಲ, ಅದೊಂದು ಪುಣ್ಯ. ಅವ್ವ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ.

ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಸಿ.ಡಿ.ಗೆ ಹಾಕಿದೆ. ಅಂಗಡಿಯ ಕಂಪ್ಯೂಟರಿನ ಸ್ಪೀಕರ್ ಕೆಟ್ಟು ಬಹಳ ದಿನವಾಯಿತು. ಪರವಾಗಿಲ್ಲ, ಡಾಕ್ಟರಿಗೆ ಬೇಕಾದದ್ದು ಕಣ್ಣಿಗೆ ಕಾಣುವುದು. ಬರುವಾಗ ಗುಳಿಗೆ ತಂದೆ.

೧೪ ಫೆಬ್ರವರಿ, ಗುರುವಾರ

ದಾವಣಗೆರೆಗೆ ಹೋಗಿಬಂದೆವು. ಕೆಲಸವಾಯಿತು. ಡಾಕ್ಟರಮ್ಮ ಎರಡು ಸಲ ನೋಡಿ, "ಇದು ಮೆದುಳಿಂದೇ. ಅನುಮಾನವೇ ಇಲ್ಲ. ಇಷ್ಟು ಸ್ವಚ್ಛವಾಗಿ ಯಾರೂ ತಂದುಕೊಟ್ಟಿರಲಿಲ್ಲ" ಅಂದರು. ಹೊಸ ಗುಳಿಗೆ ಬರೆದರು. ನನಗೆ ಎದೆಯುಬ್ಬಿತು.

ಮೂರನೆಯ ಸಲ, ಕೂಗು ಹೇಗಿದೆ ಕೇಳೋಣ ಎಂದು ಶಬ್ದ ಹೆಚ್ಚಿಸಿದರು. ಕೂಗು ಕೇಳಿತು. ಹಿಂದೆಯೇ ಒಂದು ಗಂಡಸಿನ ದನಿ: "ಮುಟ್ಟಬ್ಯಾಡ! ಹಿಂದಕ್ಕ ಸರಿ! ಮುಟ್ಟಬ್ಯಾಡ ಅಂದ್ನಿಲ್ಲ!"

ಡಾಕ್ಟರಮ್ಮ ಚಿತ್ರ ನಿಲ್ಲಿಸಿದರು. "ಇವರ ಕೈ ಹಂಚಿನ ಮೇಲೈತೆ. ಪಾಪ ಆ ಅಜ್ಜಿ ತೆಗಿಯಾಕೆ ಬರ್ತಾ ಇದಾರೆ. ಯಾರ್ರೀ ಅದು, ಮುಟ್ಟಬೇಡ ಅನ್ನೋ ಪುಣ್ಯಾತ್ಮ?"

"ನಮ್ಮ ಕಡೆ ಮಂದಿಗೆ ದೇವ್ರು ಗೀವ್ರು ಜಾಸ್ತಿ, ಮೇಡಂ" ಎಂದೆ. "ಕೇಳಿಕಿಗೆ ಬಂದೋರು ಯಾರೋ ಇರಬೇಕು."

"ಅಂಥೋರನ್ನ ಮನೆಯೊಳಗೆ ಬಿಟ್ಕೋಬೇಡ್ರಿ" ಅಂದರು. ಬಸಲಿಂಗಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ತೆರೆಯನ್ನೇ ನೋಡುತ್ತಿದ್ದಳು. ತಾನು ಬೀಳುವುದನ್ನು ಅವಳು ನೋಡಿದ್ದು ಅದೇ ಮೊದಲು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಜಗಳೂರು ದಾಟಿದ ಮೇಲೆ ಮೆಲ್ಲಗೆ ಅಂದಳು: "ಅವತ್ತು ಶನಿವಾರ ಇತ್ತು. ಕೇಳಿಕಿಗೆ ಯಾರೂ ಬಂದಿರಲಿಲ್ಲ."

ಬಸ್ಸಿನ ಸದ್ದಿನಲ್ಲಿ ಕೇಳಿಸದವನ ಹಾಗೆ ಕೂತೆ. ನಾನು ಮಾಡಿದ್ದು ಅವಳಿಗಾಗಿಯೇ ಅಲ್ಲವೇ?

೨೧ ಫೆಬ್ರವರಿ, ಗುರುವಾರ

ಭರತ ಹುಣ್ಣಿಮೆ. ಪಾಲಾಕ್ಷಪ್ಪ ಟ್ರ್ಯಾಕ್ಟರಿನಲ್ಲಿ ಚಪ್ಪಡಿ ಕಲ್ಲು ಹೇರಿಕೊಂಡು ಬಂದ. ನಾನು ಡಾಕ್ಟರಮ್ಮನ ಚೀಟಿ ಹಿಡಿದು ಜಗಳಕ್ಕೆ ಸಿದ್ಧನಾಗಿದ್ದೆ. ಅವ್ವ ನನಗಿಂತ ಮೊದಲೇ ಅಂಗಳಕ್ಕೆ ಇಳಿದಳು.

"ಕಲ್ಲು ಇಳಸಬ್ಯಾಡ. ವಾಪಸ್ ತಗೊಂಡು ಹೋಗಪ."

"ಯಾಕ ಗಾಳೆಮ್ಮ? ಅಮ್ಮ ಸಿಟ್ಟಾದ್ರ?"

"ಅಮ್ಮ ಇದ್ದಿದ್ರ ಆಕಿ ಕೈ ಸುಡಾಕ ಬಿಡ್ತಿದ್ಲೇನೋ? ಚರ್ಮ ಸುಟ್ಟ ವಾಸನಿ ಇನ್ನಾ ನನ್ನ ಮೂಗಿನಾಗೈತಿ. ಈ ಮನ್ಯಾಗ ಯಾವ ಅಮ್ಮನೂ ಇಲ್ಲ. ಹೋಗು." ಅವ್ವ ಅಳುತ್ತಿದ್ದಳು. ಅಪ್ಪ ಸತ್ತಾಗ ಬಿಟ್ಟರೆ ಅವಳು ಅತ್ತದ್ದು ನಾನು ಕಂಡಿಲ್ಲ.

ಟ್ರ್ಯಾಕ್ಟರು ತಿರುಗಿ ಹೋಯಿತು. ಎರಡು ವರ್ಷ ನಾನು ಬಡಿದಾಡಿದರೂ ಬಾರದ ಬುದ್ಧಿ ಅವ್ವನಿಗೆ ಬಂತು. ಅದಕ್ಕೂ ನನ್ನ ವಿಡಿಯೋನೇ ಕಾರಣವಲ್ಲವೇ? ಯಾರೂ ಹಾಗೆ ಹೇಳಲಿಲ್ಲ. ಅತ್ತೆ ಸೊಸೆ ಹಿತ್ತಲಲ್ಲಿ ಕೂತು ಊಟ ಮಾಡಿದರು. ಅವ್ವ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಬಸಲಿಂಗಮ್ಮ ಈಗ ಅವ್ವನ ಮಗ್ಗುಲಲ್ಲೇ ಮಲಗುತ್ತಾಳೆ. ಕೈನೋವಿಗೆ ಆಗಾಗ ಎಚ್ಚರವಾಗುತ್ತದೆ, ನನ್ನ ನಿದ್ದೆ ಕೆಡುತ್ತದೆ ಎಂದು ಇರಬೇಕು.

ಡಬ್ಬಿಗಳನ್ನು ಜಂಬಣ್ಣನಿಗೆ ಹಿಂದಿರುಗಿಸಿದೆ.

೨ ಮಾರ್ಚ್, ಭಾನುವಾರ

ಹೊಸ ಗುಳಿಗೆ ನಿಧಾನವಾಗಿ ಹೆಚ್ಚಿಸಬೇಕು, ಅಲ್ಲಿಯವರೆಗೆ ಒಂದೆರಡು ಸಲ ಬಂದರೂ ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಬಂದರೆ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಬೇಕು. ನಾನು ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಇವತ್ತು ಪಡಸಾಲೆಯಲ್ಲಿ ಅವಳು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ಸುಮ್ಮನೆ ಕೂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಅವಳ ಎಡಗೈ ಸಣ್ಣಗೆ ನಡುಗತೊಡಗಿತು. ಈ ಸಲ ಅದು ಬರುತ್ತಿರುವುದು ಅವಳಿಗೇ ಗೊತ್ತಾಯಿತು. ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಮುಂದೆ ಬಾಗಿ ಎರಡೂ ಕೈ ಚಾಚಿದೆ.

"ಅತ್ತೀ!" ಎಂದು ಕೂಗಿದಳು. "ಅತ್ತೀ, ಲಗೂನ ಬರ್ರಿ, ಹಿಡಕೊಳ್ರಿ..."

ಅವ್ವ ಹಿತ್ತಲಿನಿಂದ ಓಡಿ ಬರುವುದು ಕೇಳಿಸಿತು. ನಾನು ಒಂದು ಮೊಳ ದೂರದಲ್ಲಿದ್ದೆ. ಅವಳು ಕೂತಲ್ಲಿಂದಲೇ ಬಲಗೈ ಊರಿ, ಸೊಪ್ಪನ್ನೆಲ್ಲ ಎಳೆದುಕೊಂಡು, ನನ್ನಿಂದ ಹಿಂದಕ್ಕೆ ಸರಿದಳು. ಎಚ್ಚರ ತಪ್ಪುವ ತನಕ ಸರಿಯುತ್ತಲೇ ಇದ್ದಳು.